ಡ್ಯೂಟಿ ಡಾಕ್ಟರಿಗೂ ನಿದ್ದೆ ಬೇಕು

ಕಳೆದ ವರ್ಷ ನಮ್ಮ ನಾನಿಗೆ ಉಸಿರಾಟದ ತೊಂದರೆ ಜಾಸ್ತಿಯಾಗಿ ತಾಯಲೂರಿನಿಂದ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ರಾತ್ರಿ ವಾರ್ಡಿನಲ್ಲಿ ಒಬ್ಬರೇ ಯುವ ಡಾಕ್ಟರ್. ನಾನಿಗೆ ಶುಗರ್ ಇದೆಯಾ ಎಂದು ಅರ್ಧ ಗಂಟೆಯಲ್ಲಿ ಮೂರು ಸಲ ಕೇಳಿದರು. ಆಮೇಲೆ ಪಕ್ಕದ ಹಾಸಿಗೆಯವರ ಇಂಜೆಕ್ಷನ್ ಅನ್ನು ನಾನಿಯ ಚೀಟಿಯಲ್ಲಿ ಬರೆದುಬಿಟ್ಟರು. ಸಿಸ್ಟರ್ ನೋಡಿ ತಡೆದರು. ಮಾಮು ಕೂಗಾಡಿದರು. ಡಾಕ್ಟರ್ ಕೈ ಮುಗಿದು, "ತಪ್ಪಾಯಿತು ಅಂಕಲ್. ನಿನ್ನೆ ಬೆಳಿಗ್ಗೆ ಡ್ಯೂಟಿಗೆ ಬಂದವನು, ಇನ್ನೂ ಮಲಗಿಲ್ಲ" ಎಂದರು.

ಅವರು ಎಂ.ಬಿ.ಬಿ.ಎಸ್. ಮುಗಿಸಿ, ತಜ್ಞ ವೈದ್ಯರಾಗಲು ಮೂರು ವರ್ಷದ ಎಂ.ಡಿ. ಓದುತ್ತಿದ್ದವರು. ಓದು ಎಂದರೆ ತರಗತಿಯಲ್ಲಿ ಕೂರುವುದಲ್ಲ. ವಾರ್ಡ್, ಒ.ಪಿ.ಡಿ., ತುರ್ತು ಚಿಕಿತ್ಸೆ ಎಲ್ಲದರಲ್ಲೂ ದುಡಿಯಬೇಕು.

ಇವರ ಡ್ಯೂಟಿಗೆ ನಿಯಮ ಇಲ್ಲವೇ? ಇದೆ. ಒಂದೇ ಸಲಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಎಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. ಆದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಲ್ಲಿ 'ಸಮಂಜಸ ಅವಧಿ' ಎಂದಷ್ಟೇ ಇದೆ. 2024ರಲ್ಲಿ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕೊಲೆಯಾದ ವೈದ್ಯೆಯೂ ಸ್ನಾತಕೋತ್ತರ ವಿದ್ಯಾರ್ಥಿನಿಯೇ. ದೀರ್ಘ ಡ್ಯೂಟಿಯ ನಡುವೆ ಅವರು ವಿಶ್ರಾಂತಿಗೆ ಹೋಗಿದ್ದು ಸೆಮಿನಾರ್ ಹಾಲ್‌ಗೆ.

ನಾನು ವಾಣಿಜ್ಯ ವಿಭಾಗದವನು. ಯಂತ್ರ ದುಡಿದಷ್ಟೂ ಅದರ ಸವಕಳಿಯನ್ನು ಲೆಕ್ಕದಲ್ಲಿ ತೋರಿಸಬೇಕು ಎಂದು ನಮಗೆ ಕಲಿಸುತ್ತಾರೆ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಹೆಚ್ಚುವರಿ ಕೆಲಸಕ್ಕೆ ಎರಡು ಪಟ್ಟು ಕೂಲಿ ಕೊಡಿ ಎಂದಿತ್ತು. ಜೀವ ಉಳಿಸುವವರ ಸವಕಳಿ ಮಾತ್ರ ಯಾವ ಪುಸ್ತಕದಲ್ಲೂ ಬರುವುದಿಲ್ಲ. 'ಸಮಂಜಸ' ಎಂಬ ಪದವನ್ನು ಕೂಡಲೂ ಆಗದು, ಕಳೆಯಲೂ ಆಗದು. ನಿಯಮದಲ್ಲಿ ಅಂಕಿ ಇರಬೇಕು, ಆಸ್ಪತ್ರೆ ಪ್ರತಿ ತಿಂಗಳು ಡ್ಯೂಟಿ ಗಂಟೆಗಳನ್ನು ಪ್ರಕಟಿಸಬೇಕು.

ಹೆಚ್ಚು ರೋಗಿಗಳನ್ನು ನೋಡಿದರೆ ತಾನೇ ಕಲಿಯುವುದು ಎಂದು ಕೆಲವರು ಕೇಳುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಮೂವತ್ತನೆಯ ಗಂಟೆಯಲ್ಲಿ ನೋಡಿದ ರೋಗಿಯಿಂದ ಏನು ಕಲಿಯಲು ಸಾಧ್ಯ? ಅದೇ ವಾರ್ಡಿನಲ್ಲಿ ಸಿಸ್ಟರ್‌ಗಳು ಪಾಳಿ ಬದಲಿಸುತ್ತಾರೆ, ಮುಂದಿನವರಿಗೆ ವಿವರ ಬರೆದು ಒಪ್ಪಿಸುತ್ತಾರೆ. ಅಂದು ತಪ್ಪನ್ನು ಹಿಡಿದದ್ದೂ ಪಾಳಿಗೆ ಆಗತಾನೆ ಬಂದಿದ್ದ ಸಿಸ್ಟರೇ. ಡಾಕ್ಟರ್‌ಗಳಿಗೂ ಹಾಗೆ ಮಾಡಲು ಹೆಚ್ಚು ಹುದ್ದೆ ಬೇಕು, ಅದಕ್ಕೆ ಹಣ ಬೇಕು. ಆ ಖರ್ಚನ್ನು ಸರ್ಕಾರ ಮತ್ತು ಆಡಳಿತ ಮಂಡಳಿಗಳು ಒಪ್ಪಿಕೊಳ್ಳಲೇಬೇಕು.

ಈಗ ಎಂ.ಡಿ. ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳಲ್ಲೂ ಕೆಲಸ ಮಾಡಬೇಕು. ನಮ್ಮ ಕಾಲೇಜಿನಲ್ಲೇ ನೀಟ್‌ಗೆ ಓದುತ್ತಿರುವ ಗೆಳೆಯ ಗೆಳತಿಯರಿದ್ದಾರೆ. ಹಾಗಾಗಿ ಇದು ಬೆಂಗಳೂರಿನವರ ವಿಷಯ ಮಾತ್ರ ಅಲ್ಲ.

ನಮ್ಮ ಮನೆಯಲ್ಲಿ ಈಗ ನಾನಿಯ ಕಾಯಿಲೆ, ಮಾತ್ರೆಗಳ ಹೆಸರನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದಿಟ್ಟಿದ್ದೇವೆ. ಬರೆದವರು ಅಂದು ಕೂಗಾಡಿದ ಮಾಮು. ನಾನಿ ಇಂದಿಗೂ ನಮಾಜಿನ ನಂತರ ಆ ಡಾಕ್ಟರ್‌ಗೆ ದುವಾ ಮಾಡುತ್ತಾರೆ. ಆ ಹುಡುಗನಿಗೆ ಚೆನ್ನಾಗಿ ನಿದ್ದೆ ಕೊಡು ಎಂದೂ ಸೇರಿಸುತ್ತಾರೆ.