ಕಾಲರಿಗೆ ಕೈ ಹಾಕುವ ಮುನ್ನ

ಸೊಲ್ಲಾಪುರದ ಕಡೆ ‘ಸರಕಾರಿ ಕಾಮಾತ ಅಡಥಳಾ’ ಅಂತಾರೆ. ಕಾಸರಗೋಡಿನಲ್ಲಿ ಅದಕ್ಕೆ ಮಲಯಾಳದ ಉದ್ದನೆಯ ಹೆಸರುಂಟು. ಹೆಸರು ಯಾವ ಭಾಷೆಯದಾದರೂ ಕೇಸು ಒಂದೇ. ಕಬ್ಬಿನ ಟ್ರ್ಯಾಕ್ಟರ್ ತಡೆದಾಗಲೋ, ಸಂತೆಯಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ದಂಡ ಕೇಳಿದಾಗಲೋ ಮಾತಿಗೆ ಮಾತು ಬೆಳೆದು ಪೊಲೀಸನ ಮೈಮೇಲೆ ಕೈ ಹೋದರೆ ಮುಗಿಯಿತು. ನಮ್ಮ ಹುಡುಗರು ಇದನ್ನು ಇನ್ನೂ 353 ಅಂತಲೇ ಕರೆಯುತ್ತಾರೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮು. ಎರಡು ವರ್ಷದ ತನಕ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಪೊಲೀಸನಿಗೆ ಗಾಯವಾದರೆ 121ನೇ ಕಲಮು. ಹಳೇ ದಂಡ ಸಂಹಿತೆಯಲ್ಲಿ ಮೂರು ವರ್ಷವಿದ್ದದ್ದು ಈಗ ಐದರ ತನಕ. ಹಲ್ಲೋ ಎಲುಬೋ ಮುರಿದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಹತ್ತು.

ಶಿಕ್ಷೆಗಿಂತ ನನಗೆ ದೊಡ್ಡದಾಗಿ ಕಾಣುವುದು ಜಾಮೀನಿನ ಮಾತು. 132 ಜಾಮೀನುರಹಿತ. ಠಾಣೆಯಲ್ಲಿ ಹಕ್ಕಿನಿಂದ ಜಾಮೀನು ಕೇಳುವಂತಿಲ್ಲ, ಕೋರ್ಟಿಗೆ ಅಲೆಯಬೇಕು. ಸುಗ್ಗಿಯಲ್ಲಿ ದುಡಿಯುವ ಮಗ ಎಂಟು ದಿನ ಒಳಗೆ ಕೂತರೆ ಹೊಲದ ಗತಿ ಏನು?

ಹಾಗಂತ ಎಲ್ಲ ಜಗಳವೂ 132 ಅಲ್ಲ. ಇದನ್ನು ಪೊಲೀಸರಿಗೂ ಹೇಳಬೇಕು. ಬರೀ ಮಾತು ಹಲ್ಲೆಯಾಗುವುದಿಲ್ಲ ಎಂದು ಕಾನೂನೇ ಹೇಳುತ್ತದೆ. ಕೈ ಎತ್ತಿ ಆಡಿದ ಮಾತಿನ ಲೆಕ್ಕ ಬೇರೆ. ಬೆಂಗಳೂರಿನ ಸಂಚಾರಿ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ಸಿಟ್ಟಿನಿಂದ ಬರೆದ ದಂಪತಿ ಮೇಲೆ 353 ಹಾಕಿದ್ದನ್ನು ಸುಪ್ರೀಂ ಕೋರ್ಟು 2015ರಲ್ಲಿ ರದ್ದು ಮಾಡಿತು. ಕೈ ಮಾಡದೆ ಬರೀ ಅಡ್ಡಿಪಡಿಸಿದರೆ 221ನೇ ಕಲಮು, ಮೂರು ತಿಂಗಳ ತನಕ, ಜಾಮೀನು ಸಿಗುವಂಥದ್ದು. ಅದಕ್ಕೆ ಆ ಅಧಿಕಾರಿಯೋ ಅವನ ಮೇಲಿನವರೋ ಕೋರ್ಟಿಗೆ ಲಿಖಿತ ದೂರು ಕೊಡಬೇಕು. ಆ ತಾಪತ್ರಯ ಯಾಕೆಂದು 132 ಬರೆದುಬಿಟ್ಟರೆ ಅದು ಶುದ್ಧ ಅನ್ಯಾಯ.

ತಪ್ಪು ಪೊಲೀಸನದೇ ಆಗಿದ್ದರೆ? ಇಲ್ಲೇ ನಮ್ಮವರು ಎಡವುವುದು. ಆತ ಸದ್ಭಾವನೆಯಿಂದ ಹುದ್ದೆಯ ಕೆಲಸ ಮಾಡುತ್ತಿದ್ದರೆ, ಮಾಡಿದ್ದು ಕಟ್ಟುನಿಟ್ಟಾಗಿ ಕಾನೂನಿನಂತೆ ಇರದಿದ್ದರೂ, ತಿರುಗಿ ಬೀಳುವ ಹಕ್ಕು ನಮಗಿಲ್ಲ ಅನ್ನುತ್ತದೆ 37ನೇ ಕಲಮು. ಪ್ರಾಣಕ್ಕೋ ತೀವ್ರ ಗಾಯಕ್ಕೋ ಭಯವಿದ್ದರೆ ಮಾತು ಬೇರೆ. ಮಫ್ತಿಯಲ್ಲಿ ಬಂದವನು ಪೊಲೀಸನೆಂದು ಗೊತ್ತೇ ಇರದಿದ್ದರೂ ಬೇರೆ.

ರಟ್ಟೆಗಿಂತ ಕಾಗದ ಗಟ್ಟಿ. ಬಂಧಿಸುವವನ ಎದೆಯ ಮೇಲೆ ಹೆಸರು ಕಾಣಬೇಕು. ಸಾಕ್ಷಿಯ ಸಹಿಯೊಡನೆ ಬಂಧನದ ಮೆಮೊ ಆಗಬೇಕು. ಮನೆಯವರಿಗೆ ಸುದ್ದಿ ಮುಟ್ಟಬೇಕು. ಪ್ರಯಾಣದ ವೇಳೆ ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇವೆಲ್ಲ ಹಳೇ ಮಾತು. ನಮ್ಮಂಥ ಗಡಿಯವರಿಗೆ ಹೊಸದೊಂದು ಬಲ ಬಂದಿದೆ: ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕೆಂದು 2025ರ ನವೆಂಬರ್ 6ರಂದು ಸುಪ್ರೀಂ ಕೋರ್ಟು ಹೇಳಿತು. ಆಗಿಂದಾಗ್ಗೆ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಒಯ್ಯುವ ಎರಡು ತಾಸು ಮೊದಲಾದರೂ ಅದು ಕೈ ಸೇರಬೇಕು, ಇಲ್ಲದಿದ್ದರೆ ಬಂಧನವೇ ಕಾನೂನುಬಾಹಿರ. ಸಂತೆಯಲ್ಲಿ ಮರಾಠಿ, ತಮಿಳು ಆಡುವವರೆಲ್ಲ ಅದನ್ನು ಓದಬಲ್ಲರೇ? ಜತ್ತಿನಲ್ಲಾಗಲಿ ತಾಳವಾಡಿಯಲ್ಲಾಗಲಿ ಓದಲು ಬಾರದ ಕಾಗದಕ್ಕೆ ಸಹಿ ಕೇಳಿದರೆ, ಕೈ ಕಟ್ಟಿಕೊಂಡೇ ‘ಕನ್ನಡದಾಗ ಬರೆದು ಕೊಡ್ರಿ ಸಾಹೇಬ್ರ’ ಅನ್ನಿ.