ಮೋಟಾರಿನ ಟೈರು: ಅಗ್ಗವೂ ಬಾಳಿಕೆಯೂ

ಗೃಹಸ್ಥನ ಮನೆಗೆ ಬರುವ ಪದಾರ್ಥಗಳಲ್ಲಿ ಕೆಲವನ್ನು ನಾವು ಹತ್ತು ಅಂಗಡಿ ತಿರುಗಿ, ಮುಟ್ಟಿ, ಮೂಸಿ, ತೂಗಿ ಕೊಳ್ಳುತ್ತೇವೆ. ಅಕ್ಕಿ, ಬೇಳೆ, ಹಿತ್ತಾಳೆಯ ಕೊಡ, ಮದುವೆಯ ಸೀರೆ ಮೊದಲಾದುವು ಈ ವರ್ಗಕ್ಕೆ ಸೇರಿದುವು. ಮತ್ತೆ ಕೆಲವನ್ನು ಅಂಗಡಿಯವನು ಕೊಟ್ಟದ್ದೇ ಪ್ರಸಾದವೆಂದು ತೆಗೆದುಕೊಂಡು ಬರುತ್ತೇವೆ. ಮೋಟಾರುಗಾಡಿಯ ಟೈರು ಈ ಎರಡನೆಯ ವರ್ಗದ್ದು. ನಾಲ್ಕು ಟೈರುಗಳಿಗೆ ಹದಿನೈದಿಪ್ಪತ್ತು ಸಾವಿರ ರೂಪಾಯಿ ತೆರುವ ಮನುಷ್ಯನು, ತೆಂಗಿನಕಾಯಿಯನ್ನು ಅಲ್ಲಾಡಿಸಿ ನೋಡುವಷ್ಟು ಸಹ ಅವುಗಳನ್ನು ನೋಡುವುದಿಲ್ಲ.

ಪರರಿಗೆ ಬುದ್ಧಿ ಹೇಳತಕ್ಕವನು ತನ್ನ ತಪ್ಪನ್ನು ಮುಚ್ಚಿಡಬಾರದಾದ ಕಾರಣ, ನನ್ನ ಅನುಭವವನ್ನೇ ಮೊದಲು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಚಿಕ್ಕ ಕಾರಿಗೆ ನಾಲ್ಕು ಟೈರುಗಳನ್ನು ಕೊಂಡೆನು. ಬೇರೆ ಕಡೆಗಿಂತ ಮೂರು ಸಾವಿರ ರೂಪಾಯಿ ಕಡಮೆಗೆ ದೊರೆತುವೆಂದು ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು. ಕಳೆದ ವರ್ಷ ಯುಗಾದಿಯ ಹೊತ್ತಿಗೆ ಮಗನು, “ಅಪ್ಪ, ಟೈರು ಸವೆದಿವೆ, ಬದಲಾಯಿಸೋಣ” ಎಂದನು. “ದಸರೆ ಕಳೆಯಲಿ” ಎಂದೆನು. ಗೌರಿಹಬ್ಬಕ್ಕೆ ಮಗಳನ್ನೂ ಆಕೆಯ ಐದು ತಿಂಗಳ ಕೂಸನ್ನೂ ಹಾಸನದಿಂದ ಮೈಸೂರಿಗೆ ಕರೆತರುತ್ತಿದ್ದೆವು. ಕೃಷ್ಣರಾಜನಗರವನ್ನು ದಾಟಿದ ಮೇಲೆ ಮಳೆ ಹಿಡಿಯಿತು. ಒಂದು ಕರು ಅಡ್ಡ ಬಂದಿತು. ಮಗನು ಬ್ರೇಕು ಒತ್ತಿದನು. ಗಾಡಿ ನಿಲ್ಲದೆ, ಅಡ್ಡಡ್ಡಲಾಗಿ ಜಾರಿ, ಒಂದು ಚಕ್ರವನ್ನು ಚರಂಡಿಗಿಳಿಸಿ ನಿಂತಿತು. ದೈವಕೃಪೆಯಿಂದ ಯಾರಿಗೂ ಏನೂ ಆಗಲಿಲ್ಲ. ಕೂಸು ನಿದ್ದೆಯಿಂದ ಏಳಲೂ ಇಲ್ಲ. ನನಗೆ ಮಾತ್ರ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಪಂಕ್ಚರು ಅಂಗಡಿಯ ಹುಡುಗನು ಟೈರಿನ ಪಕ್ಕವನ್ನು ಬಟ್ಟೆಯಿಂದ ಒರಸಿ, “ಮೇಷ್ಟ್ರೇ, ನೀವು ಕೊಂಡಾಗಲೇ ಇದಕ್ಕೆ ನಾಲ್ಕು ವರ್ಷ ವಯಸ್ಸಾಗಿತ್ತು. ಇಲ್ಲಿಯೇ ಬರೆದಿದೆಯಲ್ಲ!” ಎಂದನು. ಜೀವಮಾನವೆಲ್ಲ ಮಕ್ಕಳಿಗೆ ಓದು ಕಲಿಸಿದ ನಾನು ಆ ನಾಲ್ಕು ಅಂಕೆಗಳನ್ನು ಓದಿರಲಿಲ್ಲ. ಅಗ್ಗಕ್ಕೆ ಮುಗ್ಗಲು ಜೋಳ ಕೊಂಡಂತಾಗಿತ್ತು. ಅಂದಿನಿಂದ ಕಲಿತುಕೊಂಡುದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲನೆಯದಾಗಿ, ಟೈರಿನ ಪಕ್ಕದ ಬರಹ. ಅಂಡಾಕಾರದ ಒಂದು ಚೌಕಟ್ಟಿನೊಳಗೆ ನಾಲ್ಕು ಅಂಕೆಗಳಿರುತ್ತವೆ. ೨೩೨೫ ಎಂದಿದ್ದರೆ, ೨೦೨೫ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದುದು ಎಂದರ್ಥ. ರಬ್ಬರು ಓಡದೆ ಬಿದ್ದಿದ್ದರೂ ಗಾಳಿ ಬಿಸಿಲುಗಳಿಂದ ಗಡುಸಾಗುತ್ತ ಹೋಗುವ ವಸ್ತು. ಆದುದರಿಂದ ಕೊಳ್ಳುವಾಗ ಆರು ತಿಂಗಳೊಳಗಿನದನ್ನು ಕೇಳಿರಿ. ವರ್ಷ ದಾಟಿದುದನ್ನು ಬೇಡವೆನ್ನಿರಿ. ಐದು ವರ್ಷ ತುಂಬಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು. ಹತ್ತು ವರ್ಷವಾದುದನ್ನು, ನೋಡುವುದಕ್ಕೆ ಹೊಸದರಂತಿದ್ದರೂ, ತೆಗೆದುಹಾಕತಕ್ಕದ್ದು.

ಇನ್ನೊಂದು ಬರಹ ಅಳತೆಯದು. ೧೬೫/೮೦ ಆರ್ ೧೪ ೮೫ ಟಿ ಎಂದಿದೆಯೆನ್ನೋಣ. ೧೬೫ ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ೮೦ ಎಂದರೆ ಪಕ್ಕದ ಎತ್ತರವು ಆ ಅಗಲದ ನೂರಕ್ಕೆ ಎಂಬತ್ತು ಪಾಲು. ಆರ್ ಎಂಬುದು ರೇಡಿಯಲ್ ಎಂಬ ರಚನೆ. ಫ್ರಾನ್ಸಿನ ಮಿಷೆಲಿನ್ ಸಂಸ್ಥೆಯವರು ೧೯೪೬ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದರು. ೧೪ ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರೂ ಅಂಗುಲವೂ ಬೆರೆತಿರುವುದು ಅರ್ಧಜರತೀಯವೇ ಸರಿ! ೮೫ ಎಂದರೆ ಆ ಟೈರು ಹೊರಬಲ್ಲ ಭಾರವು ೫೧೫ ಕಿಲೋಗ್ರಾಂ. ಟಿ ಎಂದರೆ ವೇಗದ ಮಿತಿಯು ಗಂಟೆಗೆ ೧೯೦ ಕಿಲೋಮೀಟರು. ಗಾಡಿಯೊಡನೆ ಬಂದ ಪುಸ್ತಕದಲ್ಲಿ ಹೇಳಿರುವ ಅಳತೆಯನ್ನೇ ಕೊಳ್ಳಬೇಕು. ಭಾರದ ಅಂಕೆ ಅದಕ್ಕಿಂತ ಕಡಮೆಯಾಗಕೂಡದು. ಅಂದಕ್ಕಾಗಿ ಅಗಲವಾದ ಟೈರು ಹಾಕಿಸುವವರು ಹೆಚ್ಚು ಬೆಲೆಯನ್ನೂ ತೆತ್ತು ಹೆಚ್ಚು ಪೆಟ್ರೋಲನ್ನೂ ಸುಡುತ್ತಾರೆ. ಇವುಗಳ ಜೊತೆಗೆ ಐ.ಎಸ್.ಐ. ಗುರುತು ಇದೆಯೇ ಎಂದು ನೋಡಿಕೊಳ್ಳಿರಿ.

ಎರಡನೆಯದು ಬೆಲೆಯ ವಿಚಾರ. ಟೈರಿನ ನಿಜವಾದ ಬೆಲೆಯು ಅದು ಎಷ್ಟು ದೂರ ಓಡೀತೆಂಬುದರಿಂದ ತಿಳಿಯತಕ್ಕದ್ದು. ೩,೫೦೦ ರೂಪಾಯಿಯ ಟೈರು ೨೫,೦೦೦ ಕಿಲೋಮೀಟರು ಓಡುತ್ತದೆಂದೂ, ೪,೫೦೦ ರೂಪಾಯಿಯದು ೪೫,೦೦೦ ಓಡುತ್ತದೆಂದೂ ಇಟ್ಟುಕೊಳ್ಳೋಣ. ಸಾವಿರ ಕಿಲೋಮೀಟರಿಗೆ ಮೊದಲನೆಯದಕ್ಕೆ ೧೪೦ ರೂಪಾಯಿ, ಎರಡನೆಯದಕ್ಕೆ ೧೦೦ ರೂಪಾಯಿ ಬೀಳುತ್ತದೆ. ಅಂಗಡಿಯಲ್ಲಿ ಅಗ್ಗವೆನಿಸಿದುದು ರಸ್ತೆಯಲ್ಲಿ ದುಬಾರಿಯಾಯಿತು.

ಬಾಳಿಕೆಯನ್ನು ಮುಂಚಿತವಾಗಿ ಊಹಿಸುವುದಕ್ಕೆ ಎರಡು ಸಾಧನಗಳಿವೆ. ಹೊಸ ಟೈರಿನ ಗೀರುಗಳ ಆಳ ಎಷ್ಟೆಂದು ಕೇಳಿರಿ. ಗೀರು ೧.೬ ಮಿಲಿಮೀಟರಿಗೆ ಇಳಿದಾಗ ಟೈರಿನ ಆಯುಸ್ಸು ಮುಗಿಯಿತು. ಎಂಟು ಮಿಲಿಮೀಟರು ಆಳದ ಟೈರಿನಲ್ಲಿ ಸವೆಯುವುದಕ್ಕೆ ೬.೪ ಉಂಟು, ಏಳರದರಲ್ಲಿ ೫.೪ ಮಾತ್ರ. ಒಂದು ಮಿಲಿಮೀಟರಿನಲ್ಲಿ ಹೆಚ್ಚುಕಡಮೆ ಐದರಲ್ಲೊಂದು ಪಾಲು ಬಾಳಿಕೆ ಅಡಗಿದೆ. ಎರಡನೆಯ ಸಾಧನವು, ಕೆಲವು ಟೈರುಗಳ ಪಕ್ಕದಲ್ಲಿ ಟ್ರೆಡ್‌ವೇರ್ ಎಂಬ ಮಾತಿನೊಡನೆ ಅಚ್ಚಾಗಿರುವ ಅಂಕೆ. ಇದು ಅಮೆರಿಕಾದ ಪರೀಕ್ಷಾಕ್ರಮ. ೪೦೦ರ ಟೈರು ಆ ಪರೀಕ್ಷೆಯಲ್ಲಿ ೨೦೦ರದಕ್ಕಿಂತ ಎರಡರಷ್ಟು ನಿಧಾನವಾಗಿ ಸವೆಯಿತೆಂದು ತಿಳಿಯಬೇಕು. ನಮ್ಮ ರಸ್ತೆಗಳಿಗೆ ಇದು ಭರವಸೆಯ ಪತ್ರವಲ್ಲ. ಹೋಲಿಸುವುದಕ್ಕೆ ಸಹಾಯ, ಅಷ್ಟೆ. ತೀರ ಗಡುಸಾದ ರಬ್ಬರು ಬಹುಕಾಲ ಬಾಳಿದರೂ ಒದ್ದೆಯ ನೆಲದಲ್ಲಿ ಹಿಡಿತ ಕಡಮೆ ಎಂಬುದನ್ನೂ ನೆನಪಿಡಬೇಕು.

೨೦೨೫ರ ಸೆಪ್ಟೆಂಬರು ೨೨ರಿಂದ ಹೊಸ ಟೈರಿನ ಮೇಲಣ ಜಿ.ಎಸ್.ಟಿ. ಶೇಕಡಾ ೨೮ರಿಂದ ೧೮ಕ್ಕೆ ಇಳಿಯಿತು. ಬಿಲ್ಲಿಲ್ಲದೆ ಕೊಂಡು ತೆರಿಗೆ ಉಳಿಸುವ ಆಸೆ ಬೇಡ. ಟೈರು ಉಬ್ಬಿಕೊಂಡಾಗ ಕೇಳುವ ಹಕ್ಕು ಬಿಲ್ಲಿನಲ್ಲಿಯೇ ಇದೆ. ಸವೆದ ಟೈರಿಗೆ ಬಿಸಿ ಕತ್ತಿಯಿಂದ ಹೊಸ ಗೀರು ಕೊರೆದು ಮಾರುವವರೂ ಉಂಟು. ಇದು ಕಾಲುಬೆಲೆಗೆ ಸಿಕ್ಕಿದರೂ ಮನೆಮಂದಿ ಕುಳಿತುಕೊಳ್ಳುವ ಗಾಡಿಗೆ ತಕ್ಕದ್ದಲ್ಲ.

ನಾಲ್ಕನ್ನೂ ಒಮ್ಮೆಗೇ ಕೊಳ್ಳಲು ಅನುಕೂಲವಿಲ್ಲದವರು ಎರಡನ್ನು ಕೊಳ್ಳಬಹುದು. ಆ ಎರಡೂ ಒಂದೇ ಜಾತಿಯವಾಗಿದ್ದು, ಹಿಂದಿನ ಚಕ್ರಗಳಿಗೆ ಸೇರಬೇಕು. ಮುಂದಕ್ಕೆ ಹಾಕುವುದೇ ಲೇಸೆಂದು ಬಹುಜನರ ನಂಬಿಕೆ. ಆದರೆ ಮುಂದಿನ ಚಕ್ರ ಜಾರಿದರೆ ಸ್ಟೀರಿಂಗಿನಲ್ಲಿ ಕೈಗೆ ತಿಳಿಯುತ್ತದೆ. ಹಿಂದಿನದು ಜಾರಿದರೆ ತಿಳಿಯುವಷ್ಟರಲ್ಲಿ ಗಾಡಿ ತಿರುಗಿಬಿಟ್ಟಿರುತ್ತದೆ.

ಮೂರನೆಯದು ಸಂರಕ್ಷಣೆ. ಬಾಳಿಕೆಯಲ್ಲಿ ದೊಡ್ಡ ಪಾಲು ಇಲ್ಲಿದೆ, ಖರ್ಚು ಅತ್ಯಲ್ಪ. ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಡನ್‌ಲಪ್ ಎಂಬಾತನು ತನ್ನ ಮಗನ ಮೂರು ಚಕ್ರದ ಗಾಡಿಗೆಂದು ಗಾಳಿ ತುಂಬಿದ ಟೈರು ಮಾಡಿ, ೧೮೮೮ರಲ್ಲಿ ಹಕ್ಕುಪತ್ರ ಪಡೆದನು. ಅಂದಿಗೂ ಇಂದಿಗೂ ಭಾರವನ್ನು ಹೊರುವುದು ಮುಖ್ಯವಾಗಿ ಒಳಗಿನ ಗಾಳಿಯೇ. ಗಾಳಿ ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ. ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವ ಮುಂಜಾನೆಯಲ್ಲಿ, ಸ್ಟೆಪ್ನಿಯನ್ನೂ ಸೇರಿಸಿ ನೋಡಿಸಬೇಕು. ಸವೆತವೂ ಒಂದು ರೋಗಲಕ್ಷಣವೇ. ಎರಡು ಅಂಚುಗಳು ಸವೆದಿದ್ದರೆ ಗಾಳಿ ಕಡಮೆ. ನಡುವೆ ಸವೆದಿದ್ದರೆ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಸಾಮಾನ್ಯವಾಗಿ ಚಕ್ರದ ಅಲೈನ್‌ಮೆಂಟು ತಪ್ಪಿದೆ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಚಕ್ರಗಳ ಸ್ಥಾನ ಬದಲಾಯಿಸಿದರೆ ನಾಲ್ಕೂ ಸಮನಾಗಿ ಸವೆಯುವುವು.

ಕಡೆಯದಾಗಿ, ನಾನು ತಪ್ಪಿದ ಸ್ಥಳ. ಗೀರುಗಳ ಒಳಗೆ ಅಲ್ಲಲ್ಲಿ ಚಿಕ್ಕ ದಿಣ್ಣೆಗಳಿವೆ. ಮೇಲ್ಮೈ ಸವೆದು ಅವುಗಳ ಸಮಕ್ಕೆ ಬಂದರೆ ೧.೬ ಮಿಲಿಮೀಟರಿಗೆ ಇಳಿಯಿತೆಂದರ್ಥ. ೧೯೮೯ರ ಕೇಂದ್ರ ಮೋಟಾರುವಾಹನ ನಿಯಮಗಳೂ ಕಾರಿಗೆ ಈ ಮಿತಿಯನ್ನೇ ವಿಧಿಸಿವೆ. ಗೀರುಗಳು ಮಳೆಯ ನೀರನ್ನು ಆಚೆಗೆ ಹರಿಸುವ ಕಾಲುವೆಗಳು. ಕಾಲುವೆ ಹೂತುಹೋದರೆ ಚಕ್ರವು ನೆಲವನ್ನು ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಆಗ ಬ್ರೇಕು ಒತ್ತಿ ಫಲವಿಲ್ಲ. ಮಳೆಗಾಲಕ್ಕೆ ಮುಂಚೆಯೇ ದಿಣ್ಣೆ ಸಮೀಪಿಸಿದ್ದರೆ, ಹಬ್ಬದ ರಿಯಾಯಿತಿಗಾಗಿ ಕಾಯದೆ ಬದಲಾಯಿಸುವುದೇ ವಿವೇಕ.

ಮಿತವ್ಯಯವು ಗೃಹಸ್ಥನಿಗೆ ಭೂಷಣವೇ ಹೌದು. ಕೊಳ್ಳುವಾಗ ಲೆಕ್ಕ ಹಾಕುವುದರಲ್ಲಿಯೂ, ಹದಿನೈದು ದಿನಕ್ಕೊಮ್ಮೆ ಗಾಳಿ ನೋಡಿಸುವುದರಲ್ಲಿಯೂ ಅದನ್ನು ತೋರಿಸೋಣ. ಕಡೆಯ ಒಂದು ಮಿಲಿಮೀಟರು ರಬ್ಬರಿನಲ್ಲಿ ಬೇಡ. ಈಗ ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ಹಾಲು, ದಿನಸಿಗಳ ಜೊತೆಗೆ ಟೈರಿಗೂ ಒಂದು ಪುಟವಿದೆ: ತಯಾರಾದ ವಾರ, ಹಾಕಿಸಿದ ದಿನ, ಅಂದಿನ ಕಿಲೋಮೀಟರು. ಈ ವರ್ಷದ ಗೌರಿಹಬ್ಬಕ್ಕೂ ಮಗಳೂ ಮೊಮ್ಮಗುವೂ ಅದೇ ಗಾಡಿಯಲ್ಲಿ ಬರತಕ್ಕವರು. ಹೊರಡುವ ಹಿಂದಿನ ದಿನ ಆ ಪುಟವನ್ನು ತೆರೆದು ನೋಡುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ.

ಮುಂದಿನ ಸಂಚಿಕೆಯಲ್ಲಿ ಬ್ಯಾಟರಿಯ ವಿಚಾರವನ್ನು ಪರಾಮರ್ಶಿಸೋಣ.