ಪ್ರಿಂಟರ್‌ಗೆ ಗೊತ್ತಿತ್ತು, ಹೇಳಲಿಲ್ಲ

ನಮ್ಮ ಅಂಗಡಿಯ ದೊಡ್ಡ ಪ್ರಿಂಟರ್ ಕೈಕೊಟ್ಟಿದ್ದು ಅಕ್ಟೋಬರ್ ಕೊನೆಯ ವಾರ, ರಾಜ್ಯೋತ್ಸವದ ಬ್ಯಾನರುಗಳ ಆರ್ಡರ್ ಬಂದು ಬೀಳುವ ಹೊತ್ತಿಗೆ ಸರಿಯಾಗಿ. ಭುವನೇಶ್ವರಿಯ ಕಿರೀಟದವರೆಗೆ ಅಚ್ಚು ಮಾಡಿ ಗಕ್ಕನೆ ನಿಂತಿತು. ಪರದೆಯ ಮೇಲೆ ನಾಲ್ಕು ಅಂಕಿ. ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: ಆಫ್ ಮಾಡಿ ಆನ್ ಮಾಡಿ, ಮತ್ತೆ ಬಂದರೆ ಸರ್ವೀಸಿನವರನ್ನು ಕರೆಯಿರಿ.

ಆಫ್ ಮಾಡಿ ಆನ್ ಮಾಡಿದೆವು. ಹತ್ತು ನಿಮಿಷ ಓಡಿ ಮತ್ತೆ ಅದೇ ಅಂಕಿ. ಸರ್ವೀಸಿನವರಿಗೆ ಫೋನ್ ಮಾಡಿದರೆ, ಬರಲು ನಾಲ್ಕು ದಿನ, ಬಹುಶಃ ಬೋರ್ಡೇ ಬದಲಿಸಬೇಕು ಅಂದರು. ಯಂತ್ರವನ್ನು ನೋಡದೆಯೇ!

ಮಿಷನ್ ನಡೆಸುವ ನಮ್ಮ ಹುಡುಗ ಮಾತ್ರ ಸುಮ್ಮನೆ ನಿಂತು ನೋಡುತ್ತಿದ್ದ. "ಸಾರ್, ಪ್ರತಿಸಲ ಎಡಗಡೆ ಅದೇ ಜಾಗದಲ್ಲೇ ನಿಲ್ತಿದೆ" ಅಂದ. ಇಡೀ ತನಿಖೆ ಆ ಒಂದು ಮಾತಿನಲ್ಲಿತ್ತು. ಬೋರ್ಡ್ ಕೆಟ್ಟಿದ್ದರೆ ದಿನಾ ಒಂದೇ ಜಾಗದಲ್ಲಿ ಯಾಕೆ ನಿಲ್ಲಬೇಕು?

ಇಂಥ ಪ್ರಿಂಟರುಗಳಲ್ಲಿ ಹೆಡ್ ಓಡಾಡುವ ದಾರಿಯುದ್ದಕ್ಕೂ ಒಂದು ತೆಳುವಾದ ಪಾರದರ್ಶಕ ಪಟ್ಟಿ ಕಟ್ಟಿರುತ್ತದೆ, ಎನ್‌ಕೋಡರ್ ಸ್ಟ್ರಿಪ್. ಅದರ ಮೇಲೆ ಬಿಡಿಬಿಡಿಯಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು. ಹೆಡ್ಡಿನ ಜೊತೆಗೇ ಓಡುವ ಸೆನ್ಸರ್ ಆ ಗೆರೆಗಳನ್ನು ಎಣಿಸುತ್ತ ತಾನೆಲ್ಲಿದ್ದೇನೆಂದು ತಿಳಿಯುತ್ತದೆ. ಇಂಕಿನ ಸಣ್ಣ ತುಂತುರು ಧೂಳಿನ ಜೊತೆ ಸೇರಿ ಪಟ್ಟಿಗೆ ಅಂಟಿದರೆ ಎಣಿಕೆ ತಪ್ಪುತ್ತದೆ. ಯಂತ್ರ ಹೆದರಿ ನಿಲ್ಲುತ್ತದೆ. ಹುಡುಗ ಪ್ಲಗ್ ಕಿತ್ತು, ನೂಲು ಬಿಡದ ಬಟ್ಟೆಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಒದ್ದೆ ಮಾಡಿ ಹಗುರವಾಗಿ ಒರೆಸಿದ. ಎರಡು ದಿನ ಚೆನ್ನಾಗಿ ಓಡಿತು. ಮೂರನೆಯ ದಿನ ಅದೇ ಅಂಕಿ. ಈ ಸಲ ಪಟ್ಟಿಯ ಹಿಂಬದಿಯನ್ನೂ ಸೆನ್ಸರಿನ ಕಣ್ಣನ್ನೂ ಒರೆಸಿದ. ಮತ್ತೆ ಬರಲಿಲ್ಲ.

ನನ್ನ ಸಿಟ್ಟು ಯಂತ್ರ ಕೆಟ್ಟಿದ್ದಕ್ಕಲ್ಲ. ಕೆಡದ ಯಂತ್ರ ಎಲ್ಲಿದೆ? ಹೆಡ್ ಲೆಕ್ಕ ತಪ್ಪಿದೆ ಎಂದು ಅದಕ್ಕೆ ಗೊತ್ತಿತ್ತು. ಪಟ್ಟಿ ಒರೆಸಿ ನೋಡಿ ಎಂದು ತೋರಿಸಲು ಪರದೆಯಲ್ಲಿ ಜಾಗವೂ ಇತ್ತು. ಅಂಕಿಯ ಅರ್ಥ ಬರೆದಿರುವ ಪುಸ್ತಕ ಸರ್ವೀಸಿನವರ ಬಳಿ ಇದೆ, ಕಂತು ಕಟ್ಟುತ್ತಿರುವ ನನ್ನ ಬಳಿ ಇಲ್ಲ. ತಿಳಿಯದವರು ಕೈಹಾಕಿದರೆ ಅಪಾಯ ಅನ್ನುತ್ತಾರೆ. ಪವರ್ ಸಪ್ಲೈ ವಿಷಯದಲ್ಲಿ ನಿಜ, ಒಪ್ಪುತ್ತೇನೆ. ಹಾಗಾದರೆ ಇಲ್ಲಿ ಕೈಹಾಕಬೇಡಿ, ಅಲ್ಲಿ ಒರೆಸಬಹುದು ಎಂದು ಬರೆಯಿರಿ. ಎಚ್ಚರಿಕೆ ಕೊಡುವುದಕ್ಕೂ ಮಾತು ಬೇಕಲ್ಲ.

ಇದು ಹಳೆಯ ಜಗಳ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ತಂಟೆಗೆ ಬಿದ್ದದ್ದೂ ಒಂದು ಪ್ರಿಂಟರಿನ ವಿಷಯಕ್ಕೇ. ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ತಿಳಿಸುವಂತೆ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ಅವರು ತಿದ್ದಿದ್ದರು. ಹೊಸದರಲ್ಲಿ ಹಾಗೆ ಮಾಡಹೋದರೆ ಮೂಲ ಕೋಡ್ ಕೊಡುವವರಿಲ್ಲ. 1983ರಲ್ಲಿ ಅವರು ಘೋಷಿಸಿದ ಗ್ನೂ ಯೋಜನೆಯ ಹಿಂದೆ ಆ ಕಹಿ ಇದೆ. ನಮ್ಮಲ್ಲಿ 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗೊಂದು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲು, ಮನೆಬಳಕೆಯ ವಸ್ತು, ವಾಹನ ಎಂದು ನಾಲ್ಕು ವಲಯ ಹೆಸರಿಸಿದರು. ಹೊಟ್ಟೆಪಾಡಿನ ಅಂಗಡಿಯ ಯಂತ್ರಗಳನ್ನು ಹೆಸರಿಸಲಿಲ್ಲ.

ಇನ್ನು ನಾವು, ಕನ್ನಡದವರು. ಬೋರ್ಡುಗಳಲ್ಲಿ ಶೇ 60 ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು, ನನಗೂ ಸಂತೋಷವೇ, ವ್ಯಾಪಾರವೂ ಆಯಿತು. ಆ ಬೋರ್ಡು ಅಚ್ಚು ಮಾಡುವ ನನ್ನ ಯಂತ್ರದ ಮೆನುವಿನಲ್ಲಿ ಪೋರ್ಚುಗೀಸ್ ಇದೆ, ಕೊರಿಯನ್ ಇದೆ, ಕನ್ನಡದ ಒಂದಕ್ಷರ ಇಲ್ಲ. ಇದನ್ನು ಕೇಳಿ ಯಾರೂ ಬೀದಿಗಿಳಿಯಲಿಲ್ಲ. ನಮ್ಮ ಗೋಷ್ಠಿಗಳಲ್ಲಿ ಕನ್ನಡದ ಅಳಿವು ಉಳಿವಿನ ಚರ್ಚೆಗೆ ಬ್ಯಾನರ್ ಬೇಕು. ಅದನ್ನು ಅಚ್ಚು ಮಾಡುವವನಿಗೆ ಅವನ ಕಸುಬು ಯಾವ ಭಾಷೆಯಲ್ಲಿ ಸಿಗುತ್ತಿದೆ ಎಂಬುದು ಚರ್ಚೆಯ ವಿಷಯವೇ ಅಲ್ಲ.

ನಮ್ಮ ಹುಡುಗ ಈಗ ಯಂತ್ರದ ಪಕ್ಕಕ್ಕೆ ಒಂದು ರಟ್ಟು ಅಂಟಿಸಿದ್ದಾನೆ. ಎಡಕ್ಕೆ ಅಂಕಿ, ಬಲಕ್ಕೆ ಕನ್ನಡದಲ್ಲಿ ಏನು ಮಾಡಬೇಕೆಂದು. ಮೂರು ಸಾಲು ತುಂಬಿವೆ. ಪಕ್ಕದ ಬೀದಿಯ ಅಂಗಡಿಯವರು ಮೊನ್ನೆ ಬಂದು ಅದರ ಫೋಟೊ ತೆಗೆದುಕೊಂಡು ಹೋದರು.